ಮೊಣಕಾಲೆತ್ತರದ ಹಲಗೆ

ಇದು ನಡೆದ ಕತೆ. ಸುಮ್ಮನೆ ನಡೆದದ್ದಲ್ಲ, ಹಾಡಹಗಲು, ಬುರ್ಖಾ ಹಾಕಿಕೊಂಡು, ಸಿಂಧನೂರಿನ ಗಾಣಿಗೇರ ಓಣಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದದ್ದು. ನಂಬಲಾರದವರು ನಂಬಬೇಡಿ. ನಂಬಿದವರ ಪಾಡು ಏನಾಯಿತು, ನಂಬಿಸಿದವನ ಪಾಡು ಏನಾಯಿತು ಎಂಬುದಷ್ಟೇ ಇಲ್ಲಿದೆ.

ನಿಜಾಮರ ಆಳ್ವಿಕೆಯ ಕೊನೆಗಾಲ. ಅಂಬಪ್ಪ ಹೈದರಾಬಾದಿನ ಕಾಲೇಜಿನಲ್ಲಿ ಇಂಟರ್ ದಾಟಲಾಗದೆ ಊರಿಗೆ ಎಂಟರಾಗಿದ್ದ. ಕೆಲಸವಿರಲಿಲ್ಲ, ಗಂಟಲಿತ್ತು. ಆ ಗಂಟಲಲ್ಲಿ ಅರ್ಧ ಊರೇ ಬಿಡಾರ ಮಾಡಿತ್ತು: ತಹಸೀಲ್ದಾರರ ಕೆಮ್ಮು, ಪೊಲೀಸ್ ಅಮೀನರ ಬೈಗುಳ, ಹತ್ತಿ ಸಾಹುಕಾರನ ಸೀನು, ಅದರ ಹಿಂದೆ ಬರುವ 'ಶಿವಶಿವಾ'. ಸಂಜೆಯಾದರೆ ಚಾದಂಗಡಿಯ ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ಹೊರಗೆ ಬಿಡುತ್ತಿದ್ದ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಮ್ಮ ಸರದಿ ಬಂದಾಗ ಮಾತ್ರ ಎದ್ದು ಹೋಗುತ್ತಿದ್ದರು.

ಅವನು ಫೇಲಾದ ಸುದ್ದಿ ಊರಿಗೆ ಗೊತ್ತಾದದ್ದು ಅವನ ಚಿಗವ್ವನಿಂದ. ಗಿರಿಯಮ್ಮ ಅವನ ಸತ್ತುಹೋದ ಕಾಕನ ಹೆಂಡತಿ. ಗೋಡೆಗೆ ಗೋಡೆ ಹತ್ತಿದ ಮನೆ. ಬಾವಿಯ ಹತ್ತಿರ ಕೊಡ ತೊಳೆಯುತ್ತ ನಾಲ್ಕು ಹೆಂಗಸರ ಮುಂದೆ, "ನಮ್ಮ ಅಂಬಪ್ಪ ಫೇಲಾಗ್ಯಾನಂತ. ಬಾಳ ಓದಿ ತಲಿ ಕೆಟ್ಟೀತು ಅಂತ ಅಂಜಿದ್ದೆ, ಹಂಗೇನೂ ಆಗಿಲ್ಲ" ಎಂದಿದ್ದಳು. ಅವಳ ಪಾಲಿಗೆ ಅದೊಂದು ಮಾತು, ನೀರಿನ ಜೊತೆ ಹರಿದು ಹೋಯಿತು. ಅಂಬಪ್ಪನ ಪಾಲಿಗೆ ಹರಿಯಲಿಲ್ಲ. ಅವನು ಅದನ್ನು ಮಡಿಚಿ ಇಟ್ಟುಕೊಂಡ.

ಗಿರಿಯಮ್ಮನೂ ಎಲ್ಲವನ್ನೂ ಇಟ್ಟುಕೊಳ್ಳುವವಳೇ. ಅವಳ ಬಡಗಣ ಕೋಣೆಯಲ್ಲಿ ಹರಿದ ಗೋಣಿಚೀಲ, ತಳ ಹೋದ ಕೊಡ, ಹುಳು ತಿಂದ ಮೊರ, ಜೋಡಿ ಕಳೆದುಕೊಂಡ ಬೀಸುವ ಕಲ್ಲು, ಗಂಡನ ಬಂಡಿಯ ಹಲಗೆಗಳು, ಯಾವ ಕೀಲಿಗೂ ಒಗ್ಗದ ಕೀಲಿಕೈ ಎಲ್ಲವೂ ಇದ್ದವು. ಆ ಕೋಣೆಯಲ್ಲಿ ಒಂದು ಇಲಿ ಎದುರು ಬಂದರೆ ಇನ್ನೊಂದು ಇಲಿ ಹಿಂದಕ್ಕೆ ಸರಿದು ದಾರಿ ಬಿಡಬೇಕಿತ್ತು.

ಅವಳ ಹತ್ತಿರ ಇಲ್ಲದ್ದು ಒಂದೇ, ಮೊಮ್ಮಗಳು ಅಮರಿ. ಮಗಳು ಪಕೀರಮ್ಮ ಎರಡನೆಯ ಬಾಣಂತನದಲ್ಲಿ ಕೂಸಿನ ಸಮೇತ ತೀರಿಕೊಂಡಳು. ಅಳಿಯ ಬಸ್ಸಪ್ಪ ಮಸ್ಕಿಯವನು, ಹತ್ತಿ ಬಂಡಿ ಹೊಡೆಯುವವನು. ವರ್ಷ ತುಂಬುವುದರೊಳಗೆ ಬೇರೆ ಮದುವೆಯಾದ. ಐದು ವರ್ಷದ ಅಮರಿ ಈಗ ಆ ಹೊಸ ಹೆಂಡತಿಯ ಕೂಸನ್ನು ಸೊಂಟದ ಮೇಲೆ ಹೊರುತ್ತಿದ್ದಳು, ಆಡಿನ ಮಗ್ಗುಲಲ್ಲಿ ಮಲಗುತ್ತಿದ್ದಳು. ಗಿರಿಯಮ್ಮ ಮಸ್ಕಿಗೆ ಹೋಗಿ ಕೇಳಿದಾಗಲೆಲ್ಲ ಬಸ್ಸಪ್ಪ ಹೊಸ್ತಿಲಲ್ಲೇ ನಿಲ್ಲಿಸಿ, "ನಿನ್ನ ಮನ್ಯಾಗ ಇಲಿಗೆ ಜಾಗಿಲ್ಲ, ಕೂಸಿನ್ನ ಎಲ್ಲಿ ಇಡ್ತೀಬೇ ಅತ್ತಿ? ಮೊರದಾಗೇನು?" ಎಂದು ಕಳಿಸಿಬಿಡುತ್ತಿದ್ದ. ಅವಳು ಬಂದ ದಾರಿಯಲ್ಲೇ ಬರುತ್ತಿದ್ದಳು. ಬರುವಾಗ ದಾರಿಯಲ್ಲಿ ಬಿದ್ದ ಲಾಳವನ್ನೋ ಹಗ್ಗದ ತುಂಡನ್ನೋ ಎತ್ತಿಕೊಂಡು ಬಂದು ಅದೇ ಕೋಣೆಗೆ ಹಾಕುತ್ತಿದ್ದಳು.

ಅಂಬಪ್ಪನಿಗೆ ದಾರಿ ಕಂಡದ್ದು ಇಲ್ಲಿ.

"ಚಿಗವ್ವ, ಹೊಸಾ ಹುಕುಂ ಬಂದೈತಿ, ಕಿವಿಗೆ ಬಿತ್ತೇನು?" ಎಂದು ಒಂದು ಬೆಳಗ್ಗೆ ಅವಳ ಕಟ್ಟೆಯ ಮೇಲೆ ಬಂದು ಕೂತ. "ತಾಯಿಲ್ಲದ ಕೂಸಿಗೆ ತಂದೇ ಅಂತ ಒಂದು ಕ್ವಾಣಿ ಯಾರ ಮನ್ಯಾಗ ಐತೋ, ಆ ಮನಿಗೇ ಕೂಸು. ಹೈದ್ರಾಬಾದಿಂದ ಬಡೀ ಬೀಬಿಯವರು ಕ್ವಾಣಿ ತಪಾಸ ಮಾಡಾಕ ದೌರಾ ಹೊಂಟಾರ. ಲಿಂಗಸುಗೂರು ಮುಗೀತು. ಮಸ್ಕಿ ಮ್ಯಾಲ ಹಾಸಿ ಇಲ್ಲಿಗೆ ಬರಾದು."

ಗಿರಿಯಮ್ಮ ಸೊಪ್ಪು ಸೋಸುವುದನ್ನು ಬಿಟ್ಟಳು. "ಕೂಸಿಗೆ ಕ್ವಾಣಿ ಯಾಕಪ್ಪ? ಕೂಸು ಮಗ್ಗಲಾಗ ಮಲಗ್ತೈತಿ."

"ಅದು ಹಳೇ ಪದ್ಧತಿ. ಈಗ ಕೂಸಿಗೆ ಬ್ಯಾರೇ ಕ್ವಾಣಿ. ಗ್ವಾಡಿಗೆ ಸುಣ್ಣ. ನೆಲದ ಮ್ಯಾಲ ಹಾಸಿಗಿ. ಮಳಕಾಲಿನ ಮಟ್ಟಕ್ಕ ಒಂದು ಹಲಿಗಿ, ಅದರ ಮ್ಯಾಲ ನಾಕು ಆಟಿಗಿ ಸಾಮಾನು. ಮತ್ತೇನೂ ಇರಬಾರ್ದು. ಹಗ್ಗದ ತುಂಡು ಕಂಡ್ರ ಸೈತ ಬೀಬಿಯವರು ಹಿಂದಕ್ಕ ಹೋಗ್ತಾರ."

"ಮಳಕಾಲಿನ ಮಟ್ಟಕ್ಕ ಹಲಿಗಿ ಇಟ್ರ ಬೆಕ್ಕು ಬರ್ತೈತಲ್ಲೋ?"

"ಬೆಕ್ಕಿಗೂ ಹುಕುಂ ಐತಿ ಅಂತ ತಿಳಿ."

ಇದೆಲ್ಲ ಅವನ ತಲೆಯಲ್ಲಿ ಹುಟ್ಟಿದ್ದಲ್ಲ. ಹೈದರಾಬಾದಿನ ವಾಚನಾಲಯದಲ್ಲಿ ಒಂದು ಬಣ್ಣದ ಮಾಸಪತ್ರಿಕೆಯಲ್ಲಿ ಬಿಳಿ ದೊರೆಗಳ ದೇಶದ ಮಕ್ಕಳ ಕೋಣೆಗಳ ಚಿತ್ರ ನೋಡಿದ್ದ. ಕೋಣೆ ತುಂಬ ಬರೀ ಖಾಲಿ, ನಡುವೆ ಒಂದು ಕಟ್ಟಿಗೆಯ ಕುದುರೆ. ಗೆಳೆಯರೆಲ್ಲ ಸೇರಿ, ಪಾಪ, ಬಡವರಿರಬೇಕು ಎಂದು ನಕ್ಕಿದ್ದರು. ಆ ನಿಜವನ್ನೇ ಸಿಂಧನೂರಿನಲ್ಲಿ ಸುಳ್ಳಾಗಿ ಬಳಸುವುದು ಅವನಿಗೆ ಬಹಳ ರುಚಿಸಿತು.

ಕೋಣೆ ಖಾಲಿ ಮಾಡುವ ದಿನ ಓಣಿಗೆ ಓಣಿಯೇ ನೆರೆಯಿತು. ಅಂಬಪ್ಪ ಬಾಗಿಲಲ್ಲಿ ನಿಂತು ಒಂದೊಂದು ವಸ್ತುವಿಗೂ ಹರಾಜು ಕೂಗುವವನ ದನಿ ತೆಗೆದ. "ತಳಾ ಇಲ್ಲದ ಕೊಡ, ನೀರು ತುಂಬೋ ತ್ರಾಸೇ ಇಲ್ಲ. ಯಾರಿಗೆ ಬೇಕು?" ಮಂದಿ ನಗುತ್ತ ಹೊತ್ತೊಯ್ದರು. ಗಿರಿಯಮ್ಮ ಪ್ರತಿಯೊಂದನ್ನೂ ಎರಡು ಕೈಯಲ್ಲಿ ಎತ್ತಿ ಕೊಡುತ್ತಿದ್ದಳು. ಕೊಡುವ ಮೊದಲು ಒಮ್ಮೆ ಸೆರಗಿನಿಂದ ಒರೆಸುತ್ತಿದ್ದಳು. ಗಂಡನ ಬಂಡಿಯ ಹಲಗೆಗಳನ್ನು ಮಾತ್ರ ಹಿಡಿದುಕೊಂಡಳು. "ಇವು ಇರ್ಲಿ. ಮಳಕಾಲಿನ ಮಟ್ಟಕ್ಕ ಬೇಕಲ್ಲ."

ಕೊನೆಗೆ ಉಳಿದದ್ದು ಒಂದು ಬಟ್ಟೆಗಂಟು. ಅದರಲ್ಲಿದ್ದುದು ಕುಂಚಿಗೆ, ಕೂಸಿಗೆ ತಲೆಯಿಂದ ಬೆನ್ನಿನವರೆಗೆ ಹೊದಿಸುವ, ಖಣದ ಅಂಚಿನ ಕುಂಚಿಗೆ. ಪಕೀರಮ್ಮ ಕೂಸಾಗಿದ್ದಾಗ ಅವಳಿಗೆಂದು ಗಿರಿಯಮ್ಮ ತಾನೇ ಹೊಲಿದದ್ದು.

ಮಾಸಪತ್ರಿಕೆಯಲ್ಲಿ ಕುಂಚಿಗೆಯ ಮಾತಿರಲಿಲ್ಲ. ಸತ್ತವರ ಮಾತೂ ಇರಲಿಲ್ಲ. ಅಂಬಪ್ಪನಿಗೆ ಆ ಕ್ಷಣಕ್ಕೆ ಬೇಕಾದದ್ದು ಅವಳ ಮುಖ. ಸಂಜೆಯ ಬೆಂಚಿಗೆ ಹೊಸ ಸರಕು ಬೇಕಿತ್ತು.

"ಅದೂ ಹೋಗ್ಬೇಕು ಚಿಗವ್ವ. ಸತ್ತವರ ಅರಿವಿ ಇದ್ದ ಕ್ವಾಣಿ ಬೀಬಿಯವರು ಪಾಸ್ ಮಾಡಾದಿಲ್ಲ."

"ಇದು ಸತ್ತಾಕಿದಲ್ಲಪ್ಪ. ಇದನ್ನ ಹಾಕ್ಕೊಂಡಾಗ ಆಕಿ ಬದುಕಿದ್ಲು."

"ಮತ್ತ ಕೂಸು ಬ್ಯಾಡಂದ್ರ ಇಟ್ಕೋ."

"ಅಮರಿಗೆ ಹೊದಸ್ಬೇಕಂತ ಇಟ್ಟಿದ್ನೋ ತಮ್ಮಾ."

"ಬೀಬಿಯವರ ಮೂಗು ಬಾಳ ಚುರುಕು. ಕೊಟ್ರೂ ವಾಸನಿ ಉಳೀತೈತಿ. ಸುಡ್ಬೇಕು."

ಅಂಗಳದ ಕಸದ ಬೆಂಕಿಗೆ ಗಿರಿಯಮ್ಮ ಅದನ್ನು ತಾನೇ ಹಾಕಿದಳು. ಹಾಕಿ, ಮೂಗನ್ನು ಸೆರಗಿನ ತುದಿಯಿಂದ ಎರಡು ಸಲ ತೀಡಿ, ಗಂಟಲೊಳಗೇ 'ಹೂಂ' ಎಂದು ಸಣ್ಣದೊಂದು ದನಿ ಮಾಡಿದಳು. ಕರುವಿಗೆ ಹಾಲು ಬಿಡಿಸುವಾಗ ಎಮ್ಮೆ ಮಾಡುವಂಥದ್ದು. ಅಂಬಪ್ಪ ಕಣ್ಣು ಕೀಲಿಸಿ ನೋಡಿದ. ಸೆರಗು, ಎರಡು ಸಲ, ಹೂಂ.

ಸಂಜೆ ಚಾದಂಗಡಿಯಲ್ಲಿ ಅದನ್ನು ತೆಗೆದ. ಹೆಗಲ ಮೇಲಿನ ವಸ್ತ್ರವೇ ಸೆರಗಾಯಿತು. ಮೊದಲ 'ಹೂಂ'ಗೆ ಮಂದಿ ಬೆಂಚು ಬಡಿದರು. ಎರಡನೆಯದಕ್ಕೆ ಚಾ ಮಾಡುವವನು ಸೋಸುವ ಸಾಣಿಗಿ ಕೆಳಗೆ ಬಿಟ್ಟ. ಅಂಗಡಿಯ ಹಿಂಗೋಡೆ ಬರೀ ಜೋಳದ ದಂಟಿನ ತಟ್ಟಿ. ಆಚೆ ಯಾರೋ ಉರುವಲಿಗೆ ಚಕ್ಕೆ ಆರಿಸುವ ಸದ್ದಾಗುತ್ತಿತ್ತು. ಆಮೇಲೆ ಆ ಸದ್ದು ನಿಂತಿತು. ಅಂಬಪ್ಪ ಗಮನಿಸಲಿಲ್ಲ. ಮೆಚ್ಚುಗೆ ಬರುತ್ತಿರುವಾಗ ಹಿಂದೆ ತಿರುಗಿ ನೋಡುವವರು ಯಾರು.

ಅಲ್ಲಿಂದಾಚೆ ಗಿರಿಯಮ್ಮ ಕೋಣೆಯ ಕೆಲಸಕ್ಕೇ ನಿಂತಳು. ಹಲಗೆಗಳನ್ನು ಉಜ್ಜಿ ತೊಳೆದಳು. ಕೌದಿ ಹೊಲಿಯುವ ಜುಬೇದಾಬೀ ಎದುರುಮನೆಯಿಂದ ಬಂದು ಗೂಟ ಬಡಿಯಲು ಕೈ ಹಚ್ಚಿದಳು. ಇಬ್ಬರೂ ಸೇರಿ ಸುಣ್ಣ ಹೊಡೆದರು. ಅಂಬಪ್ಪ ಇಣುಕಿದಾಗ ಗಿರಿಯಮ್ಮ ಎರಡೇ ಪ್ರಶ್ನೆ ಕೇಳಿದಳು.

"ಬೀಬಿಯವರು ಎಂದು ಬರ್ತಾರಪ್ಪ?"

"ಶುಕ್ರವಾರ. ಕಚೇರಿಗೆ ಸೂಟಿ ಇರ್ತೈತಿ, ಆರಾಮ ನೋಡ್ತಾರ."

"ಯಾವ ಮಾತಾಡ್ತಾರ? ಮಸ್ಕಿ ಮಂದಿ ಅಂಜೋವಂಥದ್ದಾ?"

"ಉರ್ದು. ಯಾರಾದ್ರೂ ಅಂಜ್ಬೇಕು."

ಗುರುವಾರ ಅವನು ಕೋಣೆಯನ್ನು ಪೂರ್ತಿ ನೋಡಿದ. ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ನೆಲದ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಪುಟ್ಟ ಕೌದಿ. ಗೋಡೆಯ ಬುಡದಲ್ಲಿ ಸಣ್ಣ ಕೈಗೆ ಎಟಕುವಷ್ಟು ಎತ್ತರದಲ್ಲಿ ಹಲಗೆ. ಅದರ ಮೇಲೆ ಮಣ್ಣಿನ ಎತ್ತು, ಚಿಂದಿಯ ಗೊಂಬೆ, ಸೋರೆಬುರುಡೆಯ ಗಿಲಕಿ, ಜೋಳದ ದಂಟು ಸೀಳಿ ಮುಳ್ಳು ಚುಚ್ಚಿ ಕಟ್ಟಿದ ಪುಟ್ಟ ಬಂಡಿ. ಒಂದಕ್ಕೊಂದು ತಾಗದಂತೆ, ನಡುವೆ ಜಾಗ ಬಿಟ್ಟು. ಗೋಡೆಗೆ ಕೆಮ್ಮಣ್ಣಿನಿಂದ ಒಂದೇ ಒಂದು ಗಿಳಿ. ಅಂಬಪ್ಪ ನಗಲೆಂದು ಕುಕ್ಕುರುಗಾಲಲ್ಲಿ ಕೂತ. ಕೂತರೆ ಎಲ್ಲವೂ ಕೈಗೆ ಸಿಗುವಂತಿತ್ತು. ಒಂದು ಗಳಿಗೆ ಅವನ ಬಾಯಿಗೆ ಯಾರ ದನಿಯೂ ಬರಲಿಲ್ಲ. ಆಮೇಲೆ ಎದ್ದು ಬುರ್ಖಾ ಕೇಳಲು ಜುಬೇದಾಬೀಯ ಮನೆಗೆ ಹೋದ.

"ನಾಟಕಕ್ಕೇನು?" ಎಂದಳು ಜುಬೇದಾಬೀ, ಸೂಜಿಯಿಂದ ಕಣ್ಣೆತ್ತದೆ.

"ಹೌದು ಖಾಲಾ. ಬೇಗಮ್ಮನ ಪಾರ್ಟು."

"ಒಯ್ಯಿ. ಹಾಕ್ಕೊಳ್ಳಾದು ಸಸಾರ ಐತಿ ಬೇಟಾ. ತಗಿಯಾದು ನಾವು ಹೇಳಿದಾಗ."

ಶುಕ್ರವಾರ ಮಧ್ಯಾಹ್ನ ಗಾಣಿಗೇರ ಓಣಿಯ ಮಾಳಿಗೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಗಿರಿಯಮ್ಮನ ಬೆಳಕಿಂಡಿಯ ಸುತ್ತ ತಲೆಗಳು ಬಾಳೆಗೊನೆಯಂತೆ ಒತ್ತಿಕೊಂಡಿದ್ದವು. ಕೆಳಗೆ ಮುಂದೆ ಅಂಬಪ್ಪನ ಗೆಳೆಯ ಬಂದೇಸಾಬ. ಅವನ ಅಪ್ಪ ಒಂದು ಕಾಲಕ್ಕೆ ಜವಾನನಾಗಿದ್ದ, ಆ ಹಿತ್ತಾಳೆ ಬಿಲ್ಲೆ ಇವತ್ತು ಮಗನ ಎದೆಯ ಮೇಲೆ ಹೊಳೆಯುತ್ತಿತ್ತು. ಹಿಂದೆ ಕಪ್ಪು ಬುರ್ಖಾದಲ್ಲಿ ಅಂಬಪ್ಪ, ಅಂದರೆ ಬಡೀ ಬೀಬಿ. ಇಡೀ ಓಣಿಗೆ ಗುಟ್ಟು ಗೊತ್ತು. ಗೊತ್ತಿಲ್ಲದವಳು ಗಿರಿಯಮ್ಮ ಒಬ್ಬಳೇ ಎಂದು ಅಂಬಪ್ಪ ತಿಳಿದಿದ್ದ.

"ಕಮ್ರಾ ತೋ ದಿಖಾವ್," ಎಂದ, ಮೂಗಿನಲ್ಲಿ, ಎಳೆದು.

"ಕ್ವಾಣಿ ತೋರ್ಸು ಅಂತಾರ," ಎಂದ ಬಂದೇಸಾಬ.

ಪರೀಕ್ಷೆ ಆರಂಭವಾಯಿತು. ಬೀಬಿಯವರು ಗೋಡೆ ಮೂಸಿದರು. ಹಾಸಿಗೆ ಮೂಸಿದರು. ಗಿರಿಯಮ್ಮ ಮಂಡಿಯೂರಿ ಮಗುವಿನಂತೆ ಹಲಗೆಯವರೆಗೆ ಅಂಬೆಗಾಲಿಕ್ಕಿ ತೋರಿಸಬೇಕೆಂದರು, ಅವಳು ಇಕ್ಕಿದಳು. ಗಿಲಕಿ ಅಲ್ಲಾಡಿಸಿ ನಗಬೇಕೆಂದರು, ಅಲ್ಲಾಡಿಸಿ ನಕ್ಕಳು. ಕೌದಿಯ ಮೇಲೆ ಮುದುರಿ ಮಲಗಬೇಕೆಂದರು. ನರೆತ ಕೂದಲಿನ ಹೆಂಗಸು ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದಳು. ಬೆಳಕಿಂಡಿಯಿಂದ ತಡೆಹಿಡಿದ ನಗು ಮಣ್ಣಿನ ಜೊತೆ ಉದುರುತ್ತಿತ್ತು. ಅಂಬಪ್ಪ ಮುಸುಕಿನೊಳಗೆ ಬೆವರುತ್ತ, ಇನ್ನೇನು ಮುಸುಕು ಎತ್ತಿ, 'ಚಿಗವ್ವ, ನೀನೂ ಫೇಲು' ಎನ್ನುವವನಿದ್ದ. ಆ ಮಾತಿಗಾಗಿಯೇ ಇಷ್ಟು ದಿನ ಕಾದಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಬಂಡಿ ನಿಂತಿತು.

ಬಂದವನು ಬಸ್ಸಪ್ಪ. ಕೈಯಲ್ಲಿ ಬಾರುಕೋಲು. ಇನ್ನೊಂದು ಕೈಯಲ್ಲಿ ಅಮರಿಯ ಮಣಿಕಟ್ಟು. ಕೂಸನ್ನು ಹೊತ್ತು ಹೊತ್ತು ಆ ಹುಡುಗಿ ಬರಿಗೈಯಲ್ಲೂ ಒಂದು ಕಡೆಗೆ ವಾಲಿಯೇ ನಿಂತಿದ್ದಳು.

"ಬೀಬಿಯವರು ಕರಿಸ್ಯಾರ ಅಂತ ಹತ್ತಿ ಬಂಡ್ಯಾವನ ಕೂಡ ಹೇಳಿ ಕಳಿಸಿದ್ಯಲ್ಲ ಅತ್ತಿ," ಎಂದ. ಕಪ್ಪು ಬುರ್ಖಾ ಕಂಡದ್ದೇ ಕಾಲಿನ ಜೋಡು ಬಿಟ್ಟು ಗೋಡೆಗೆ ಒತ್ತಿ ನಿಂತ.

ಅಂಬಪ್ಪ ಕರೆಸಿರಲಿಲ್ಲ. ಮಾಳಿಗೆಯ ಮೇಲಿನವರು ಬೆಳಕಿಂಡಿಗೆ ಇನ್ನಷ್ಟು ಬಾಗಿದರು. ಒಬ್ಬನೂ ಗುಟ್ಟು ಬಿಟ್ಟುಕೊಡಲಿಲ್ಲ. ಆಟ ಇನ್ನೂ ರಂಗೇರಿತೆಂದು ಅವರಿಗೆ ತಿಳಿಯಿತು. ಬೀಳುವವರು ಯಾರಾದರೇನು, ಬೀಳುವುದು ನೋಡಲು ಸಿಕ್ಕರೆ ಸಾಕಿತ್ತು.

ಗಿರಿಯಮ್ಮ ಕೌದಿಯಿಂದ ಎದ್ದು ಬಂದು ಬೀಬಿಯವರ ಕಾಲಿಗೆ ಅಡ್ಡ ಬಿದ್ದಳು. ಎರಡು ಕೈಯಿಂದ ಅವನ ಹೆಬ್ಬೆರಳು ಹಿಡಿದು, ಹೂಜಿಯ ಮುಚ್ಚಳ ತಿರುವಿದಂತೆ ತಿರುವಿದಳು. ಹಣೆ ಪಾದಕ್ಕೆ ತಾಗಿಸಿ ಪಿಸುಗುಟ್ಟಿದಳು.

"ಅಂಬಪ್ಪ, ಕೂಸು ಇಲ್ಲೇ ಇರ್ಲಿ ಅನ್ನು. ಇಲ್ಲಂದ್ರ ಈಗ ಮುಸುಕು ತಗದು ಅಳಿಯಗ ತೋರಿಸ್ತೀನಿ. ಅವನ ಕೈಯಾಗಿನ ಬಾರುಕೋಲು ನೋಡೀಯಲಾ. ಅವ ಬಿಟ್ರ ಅಮೀನರು ಅದಾರ, ಸರ್ಕಾರದ ವ್ಯಾಷ ಹಾಕಿದ್ದಕ್ಕ."

ಅಂಬಪ್ಪನಿಗೆ ಮೊದಲು ಅರ್ಥವಾದದ್ದು ಹೆಬ್ಬೆರಳು. ಆಮೇಲೆ ಉಳಿದದ್ದು. ಗಂಟಲಲ್ಲಿದ್ದ ಊರೆಲ್ಲ ಏಕಾಏಕಿ ಖಾಲಿಯಾಯಿತು. ಉಳಿದ ಒಂದೇ ದನಿಯನ್ನು ಹೇಗೋ ಎಳೆದು ತಂದ.

"ಬಚ್ಚೀ... ಯಹೀಂಚ್ ರಹತೀ."

"ಕೂಸು ಇಲ್ಲೇ ಇರ್ತೈತಿ ಅಂತಾರ," ಎಂದ ಬಂದೇಸಾಬ.

ಬಸ್ಸಪ್ಪ ಕೋಣೆಯನ್ನು ನೋಡಿದ. ಸುಣ್ಣದ ಗೋಡೆ, ಹಲಗೆ, ಗಿಳಿ. "ಅಲ್ರೀ, ಮನ್ಯಾಗ ಸಣ್ಣ ಕೂಸು ಐತ್ರಿ. ಆಡಸಾಕ ಈಕಿ ಬೇಕ್ರಿ. ಬೀಬಿಯವರು ಯಾವ ಸಾಹೇಬರ ಮನ್ಯವರು, ಹೆಸರೇನು ಅಂತ ತಿಳಿದ್ರ..."

"ಪರದಾದಾಗಿನ ಹೆಣಮಕ್ಕಳ ಹೆಸರು ಕೇಳ್ತೀಯೇನ್ಲೇ?" ಬಂದೇಸಾಬ ಬಿಲ್ಲೆ ಮುಂದಕ್ಕೆ ಮಾಡಿದ. ತನ್ನ ಕುತ್ತಿಗೆಯೂ ಇದೇ ಹಗ್ಗದಲ್ಲಿದೆ ಎಂಬುದು ಅವನಿಗೆ ಆಗಲೇ ಹೊಳೆದಿತ್ತು. "ಮಾರಿ ತೋರ್ಸು ಅಂತೀಯೇನು ಮತ್ತ?"

ಬಸ್ಸಪ್ಪ ನಾಲಿಗೆ ಕಚ್ಚಿಕೊಂಡ. ತಹಸೀಲ್ದಾರರಾದರೆ ಕಾಲು ಹಿಡಿಯಬಹುದು, ಅಮೀನರಾದರೆ ಕೈ ಬೆಚ್ಚಗೆ ಮಾಡಬಹುದು. ಪರದೆಯೊಳಗಿನ ಹುಕುಮಿಗೆ ಏನು ಮಾಡುವುದು? ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ. ಅವನು ಅಮರಿಯ ಕೈ ಬಿಟ್ಟ. ಹುಡುಗಿ ಅಲ್ಲೇ ನಿಂತಳು. ಆಮೇಲೆ ವಾಲುತ್ತ ಹಲಗೆಯ ಹತ್ತಿರ ಹೋಗಿ, ಯಾರನ್ನೂ ಕೇಳದೆ, ಯಾರೂ ಎತ್ತಿಕೊಡದೆ, ದಂಟಿನ ಬಂಡಿಯನ್ನು ಕೈಗೆ ತೆಗೆದುಕೊಂಡಳು.

ಬಸ್ಸಪ್ಪ ಹಿಂದೆ ಹಿಂದೆ ಸರಿದು ಹೊರಗೆ ಹೋದ. ಆದರೆ ಊರು ಬಿಡಲಿಲ್ಲ. ಎತ್ತುಗಳು ದಣಿದಿದ್ದವು, ಬಾಗಿಲೆದುರಿನ ಬೇವಿನ ನೆರಳಿನಲ್ಲಿ ನೊಗದಿಂದ ಬಿಚ್ಚಿ ನೀರಿಗೆ ಬಿಟ್ಟ. ಅವನು ಅಲ್ಲಿರುವತನಕ ಬೀಬಿಯವರು ಹೊರಗೆ ಹೋಗುವಂತಿರಲಿಲ್ಲ, ಮುಸುಕು ತೆಗೆಯುವಂತೆಯೂ ಇರಲಿಲ್ಲ.

ಒಳಗೆ ಅಂಬಪ್ಪ ಗೋಡೆಗೆ ಆತು ಕೂತ. "ಚಿಗವ್ವ, ಉಸಿರು ಕಟ್ಟಾಕತ್ತೈತಿ."

"ಕಟ್ಲಿ," ಎಂದಳು ಗಿರಿಯಮ್ಮ ಮೆಲ್ಲಗೆ. ಅಮರಿಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಬಾಗಿಲಿಗೆ ಅಡ್ಡವಾಗಿ ಜುಬೇದಾಬೀ ಬಂದು ಕೂತಿದ್ದಳು, ಕೈಯಲ್ಲಿ ಅದೇ ಸೂಜಿ. "ಈಗ ಅಳು."

"ಏನು?"

"ಚಾದಂಗಡ್ಯಾಗ ಅತ್ಯಲ್ಲ, ನನ್ನಂಗ. ತಟ್ಟಿ ಹಿಂದ ಚಕ್ಕಿ ಆರಸಾಕತ್ತಿದ್ದೆ. ಯಾರೋ ನನ್ನ ದನ್ಯಾಗ ಅಳಾಕತ್ತಾರಲ್ಲ, ನಾ ಇಲ್ಲೇ ಅದೀನಲ್ಲ ಅಂತ ಗಾಬರ್ಯಾದೆ. ಬಾಳ ಚಲೋ ಅತ್ತಿದ್ದಿ. ಅದನ್ನ ಮತ್ತೊಮ್ಮಿ ಕೇಳ್ಬೇಕಾಗೈತಿ. ಅಳು."

"ತಪ್ಪಾತು ಚಿಗವ್ವ."

"ತಪ್ಪು ಒಪ್ಪು ನಾ ಕೇಳಿಲ್ಲ. ಸೆರಗು, ಮೂಗು, ಹೂಂ. ಹೊರಗ ಅಳಿಯ ಅದಾನ, ಕರೀಲೇನು?"

ಅಂಬಪ್ಪ ಮುಸುಕಿನ ತುದಿ ಹಿಡಿದ. ಒಂದು ಸಲ ಮೂಗು ತೀಡಿದ. ಎರಡನೆಯ ಸಲ ತೀಡುವಾಗ ಕಣ್ಣಿಗೆ ಬಿದ್ದದ್ದು ಹಲಗೆಯ ಮೇಲಿನ ಚಿಂದಿಯ ಗೊಂಬೆ. ಅದರ ತಲೆಗೊಂದು ಬೆರಳಗಲದ ಕುಂಚಿಗೆ ಇತ್ತು. ಅಂಚು ಸುಟ್ಟು ಕರಕಾಗಿತ್ತು. ಬೆಂಕಿ ಆರಿದ ಮೇಲೆ ಅಷ್ಟೇ ಉಳಿದಿತ್ತೇನೋ. ನಿನ್ನೆ ಕುಕ್ಕುರುಗಾಲಲ್ಲಿ ಕೂತಾಗ ಅವನು ಅದನ್ನು ಕಂಡಿರಲಿಲ್ಲ.

'ಹೂಂ' ಬಂತು. ಗಿರಿಯಮ್ಮನ ದನಿಯಲ್ಲಿ ಬರಲಿಲ್ಲ. ಯಾರ ದನಿಯಲ್ಲೂ ಅಲ್ಲದೆ, ಇಷ್ಟು ವರ್ಷ ಯಾರೂ ಕೇಳಿರದ ಅವನದೇ ದನಿಯಲ್ಲಿ ಬಂತು. ಬಂದದ್ದು ನಿಲ್ಲಲಿಲ್ಲ.

ಹೊರಗೆ ಬಸ್ಸಪ್ಪ ಕಿವಿ ನಿಮಿರಿಸಿದ. "ಬೀಬಿಯವರು ಯಾಕ ಅಳಾಕತ್ಯಾರ್ರಿ?"

"ನಿನ್ನ ಮಗಳ ಗತಿ ನೋಡಿ," ಎಂದ ಬಾಗಿಲಾಚೆ ಕಾವಲು ನಿಂತಿದ್ದ ಬಂದೇಸಾಬ.

ಬಸ್ಸಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅರ್ಧ ನೀರು ಕುಡಿದ ಎತ್ತುಗಳನ್ನು ಹಾಗೇ ಎಳೆದು ಹೂಡಿದ, ಹಿಂದೆ ನೋಡದೆ ಬಂಡಿ ಹೊಡೆದ. ಗಾಲಿಯ ಸದ್ದು ಮಸ್ಕಿಯ ದಾರಿಗೆ ಹೊರಳಿ ಸಣ್ಣದಾಗಿ ಹೋಯಿತು.

ಆಗ ಮಾಳಿಗೆಯ ಮೇಲೆ ನಗು ಒಡೆಯಿತು. ಅಂಬಪ್ಪನ ಇಲ್ಲಿಯವರೆಗಿನ ಆಟಗಳಲ್ಲೆಲ್ಲ ಇದೇ ಮೇಲೆಂದು ಅವರು ತಿಳಿದರು. "ವಾಹ್ ಅಂಬಪ್ಪ, ಹುಬೇಹೂಬ್ ಚಿಗವ್ವನಂಗ," ಎಂದು ಬೆಳಕಿಂಡಿಯಿಂದ ಯಾರೋ ಕೂಗಿದರು. ಬಂದೇಸಾಬ ಬಿಲ್ಲೆ ಬಿಚ್ಚಿ ನೆಲಕ್ಕೆ ಕೂತು ನಕ್ಕ. ಜುಬೇದಾಬೀ ಸೂಜಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದಳು. ದಂಟಿನ ಬಂಡಿಯನ್ನು ಬುರ್ಖಾದ ಮಡಿಲವರೆಗೆ ಓಡಿಸಿಕೊಂಡು ಬಂದ ಅಮರಿ, ಈ ಕಪ್ಪು ಗುಡ್ಡ ಯಾಕೆ ನಡುಗುತ್ತಿದೆ ಎಂದು ಕತ್ತು ಹೊರಳಿಸಿ ನೋಡಿದಳು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಗಿರಿಯಮ್ಮ. ಕಣ್ಣಲ್ಲಿ ನೀರು ಬರುವಷ್ಟು, ಹೊಸ ಸುಣ್ಣ ಉದುರುವಷ್ಟು ನಕ್ಕಳು. ನಗುತ್ತಲೇ ಸೆರಗಿನ ತುದಿಯಿಂದ ಮೂಗನ್ನು ಎರಡು ಸಲ ತೀಡಿದಳು.

"ಇನ್ನೊಮ್ಮಿ," ಎಂದಳು.